‘ಗ್ಯಾಂಗ್ ಪ್ರೋಗ್ರಾಮರ್’: ಕನ್ನಡದಲ್ಲಿ ಏನೆನ್ನಬಹುದು?

ಮಾನ್ಯರೆ,

8 ಮೈಕ್ರೋಕಂಟ್ರೋಲರ್‌ಗಳಿಗೆ (ಉಪಕರಣಗಳನ್ನು ನಡೆಸುವ, ಬೋರ್ಡಿನ ಮೇಲೆ ಕೂರುವ ಪುಟ್ಟ ಗಣಕದಂಥ ಚಿಪ್ಪುಗಳಿಗೆ) ಒಂದೇ ಸಲ ತಂತ್ರಾಂಶ ತುಂಬುವ ಸಾಧನವೊಂದಕ್ಕೆ ಕನ್ನಡದಲ್ಲಿ ಕೈಪಿಡಿ ಬರೆಯುತ್ತಿದ್ದೇನೆ. ಇಂಗ್ಲಿಷಿನಲ್ಲಿ ಇದು ‘ಗ್ಯಾಂಗ್ ಪ್ರೋಗ್ರಾಮರ್’. ಮೊದಲ ಕರಡಿನಲ್ಲಿ ‘ಬೋರ್ಡುಗಳನ್ನು ಇಟ್ಟು ಪ್ರೋಗ್ರಾಮ್ ಮಾಡಿ’ ಎಂದು ಬರೆದಿದ್ದೆ. ಅದನ್ನು ಓದಿದ ಜೋಡಣೆ ವಿಭಾಗದ ಹೆಣ್ಣುಮಗಳೊಬ್ಬರು ‘ಪ್ರೋಗ್ರಾಮ್ ಮಾಡೋದು ನಮಗೆ ಬರಲ್ವಲ್ಲ ಸಾರ್’ ಎಂದರು. ತಂತ್ರಾಂಶ ರಚಿಸುವುದಕ್ಕೂ ಸಿದ್ಧವಾದದ್ದನ್ನು ಚಿಪ್ಪಿಗೆ ಸೇರಿಸುವುದಕ್ಕೂ ನಾನು ಒಂದೇ ಪದ ಬಳಸಿದ್ದೆ, ತಪ್ಪು ನನ್ನದೇ.

ಈ ಎರಡನೆಯ ಕೆಲಸಕ್ಕೆ ‘ಬರ್ನ್ ಮಾಡು’, ‘ಫ್ಲ್ಯಾಶ್ ಮಾಡು’ ಎಂಬ ಎರಡೂ ಮಾತು ಬಳಕೆಯಲ್ಲಿವೆ. ಒಮ್ಮೆ ಮಾತ್ರ ಬರೆಯಬಹುದಾಗಿದ್ದ ಹಳೆಯ ಪ್ರಾಮ್ ಎಂಬ ಮೆಮೊರಿ ಚಿಪ್ಪುಗಳ ಒಳಗಿನ ಸಣ್ಣ ಫ್ಯೂಸುಗಳನ್ನು ನಿಜವಾಗಿಯೂ ಸುಡುತ್ತಿದ್ದುದರಿಂದ ಮೊದಲನೆಯದು ಬಂತು. ಎರಡನೆಯದರ ದಾರಿ ಬೇರೆ: ತೋಷಿಬಾದಲ್ಲಿ ಫುಜಿಯೊ ಮಸುಒಕ ರೂಪಿಸಿ 1984ರಲ್ಲಿ ಪ್ರಕಟಿಸಿದ ಮೆಮೊರಿಯಲ್ಲಿ ದತ್ತಾಂಶವೆಲ್ಲ ಒಮ್ಮೆಗೇ ಅಳಿಸಿಹೋಗುವುದು ಅವರ ಸಹೋದ್ಯೋಗಿಗೆ ಕ್ಯಾಮೆರಾದ ಫ್ಲ್ಯಾಶನ್ನು ನೆನಪಿಸಿತು. ಹಾಗಾಗಿ ಅಳಿಸುವುದಕ್ಕೆ ಇಟ್ಟ ಹೆಸರೇ ಈಗ ಬರೆಯುವುದಕ್ಕೂ ಸಲ್ಲುತ್ತಿದೆ. ಇದನ್ನು ‘ಮಿಂಚಿಸು’ ಎಂದು ಅನುವಾದಿಸಿದರೆ ಗೊಂದಲ ಇಮ್ಮಡಿಯಾದೀತು.

ನನಗೆ ‘ಅಚ್ಚೊತ್ತು’ ಹಿಡಿಸಿದೆ. ಸಿದ್ಧವಿರುವ ಒಂದನ್ನೇ ಅಕ್ಷರ ಬದಲಿಸದೆ ಹಲವೆಡೆ ಮೂಡಿಸುವುದು ಅದರ ಅರ್ಥ. ಆದರೆ ಒತ್ತಿದ ಅಚ್ಚು ಅಳಿಯದು ಎಂಬ ಭಾವವೂ ಅದರಲ್ಲಿದೆ. ನಾವು ಬಳಸುವ ಎಟಿಮೆಗಾ328ಪಿ ಚಿಪ್ಪನ್ನಾದರೋ 10,000 ಸಲ ಅಳಿಸಿ ಬರೆಯಬಹುದು. ಇದು ಬಾಧಕವೇ?

ಹೆಚ್ಚು ಕಾಡುತ್ತಿರುವುದು ‘ಗ್ಯಾಂಗ್’. ‘ಗುಂಪು’, ‘ಸಾಮೂಹಿಕ’ ಎಂದರೆ ಸಾಲದು. ರೇಡಿಯೊ ರಿಪೇರಿ ಬಲ್ಲವರಿಗೆ, ಸ್ಟೇಷನ್ ಹಿಡಿಯಲು ತಿರುಗಿಸುವ ‘ಗ್ಯಾಂಗ್ ಕಂಡೆನ್ಸರ್’ ಗೊತ್ತು. ಅದರಲ್ಲಿ ಒಂದು ಅಚ್ಚುಗೋಲನ್ನು ತಿರುಗಿಸಿದರೆ ಎಲ್ಲ ಕಂಡೆನ್ಸರ್‌ಗಳೂ ಜೊತೆಯಲ್ಲೇ ತಿರುಗುತ್ತವೆ. ಒಂದೇ ಚಾಲನೆಗೆ ಹಲವು ಕಟ್ಟುಬಿದ್ದಿರುವುದು ಇಲ್ಲಿ ಮುಖ್ಯ. ಕಣದಲ್ಲಿ ತೆನೆ ತುಳಿಸಲು ಎತ್ತುಗಳನ್ನು ಸಾಲಾಗಿ ಕಟ್ಟಿ ಸುತ್ತಿಸುವ ‘ಹಂತಿ’ಯಲ್ಲಿ ಈ ಅರ್ಥ ಇದ್ದಕ್ಕಿದ್ದಂತೆ ಸಿಕ್ಕಿ ನನಗೆ ಬಹಳ ಸಂತೋಷವಾಯಿತು. ‘ಹಂತಿಯಚ್ಚು’ ಎನ್ನಬಹುದೇ? ಹಂತಿ ಹಾಡುಗಳನ್ನು ಕೇಳಿ ಬೆಳೆದ ಉತ್ತರ ಕರ್ನಾಟಕದವರಿಗೆ ಇದು ಹೇಗೆ ಕೇಳಿಸುತ್ತದೆ?

ನಮ್ಮ ಸಾಧನದಲ್ಲಿ ಹೋಲಿಕೆ ಒಂದು ಹಂತದವರೆಗೆ ಮಾತ್ರ ಸರಿಹೊಂದುತ್ತದೆ. ಕ್ಲಾಕ್ (ತಾಳ ಕೊಡುವ ತಂತಿ), ರೀಸೆಟ್ (ಚಿಪ್ಪಿನ ಓಟ ತಡೆದು ಹಿಡಿಯುವ ತಂತಿ) ಮತ್ತು ಚಿಪ್ಪಿಗೆ ದತ್ತಾಂಶ ಒಯ್ಯುವ ತಂತಿಗಳು ಎಂಟಕ್ಕೂ ಸಾಮಾನ್ಯ. ಚಿಪ್ ಉತ್ತರ ಕೊಡುವ ಮಿಸೊ ತಂತಿ ಮಾತ್ರ ಪ್ರತಿಯೊಂದಕ್ಕೂ ಬೇರೆ. ಅದನ್ನೂ ಕೂಡಿಸಿದರೆ ಒಂದು ಚಿಪ್ ‘1’ ಎನ್ನುವಾಗ ಇನ್ನೊಂದು ‘0’ ಎಂದು ಎಳೆದು, ಯಾವುದರ ಉತ್ತರವೂ ಸ್ಪಷ್ಟವಾಗದು. ಆದ್ದರಿಂದ ಅಚ್ಚು ಒಟ್ಟಿಗೆ, ತಾಳೆ ನೋಡುವುದು ಬಿಡಿಬಿಡಿಯಾಗಿ. ‘ವೆರಿಫೈ’ಗೆ ‘ತಾಳೆ ನೋಡು’ ಎಂಬುದನ್ನೇ ಉಳಿಸಿಕೊಂಡಿದ್ದೇನೆ. ‘5ನೆಯದು ತಾಳೆಯಾಗಿಲ್ಲ’ ಎಂದರೆ ಎಲ್ಲರಿಗೂ ತಿಳಿಯುತ್ತದೆ.

ಇನ್ನು ಬೋರ್ಡುಗಳನ್ನು ಕೂರಿಸುವ ‘ಜಿಗ್’. ಹಲಗೆಯಲ್ಲಿ 8 ಗುಳಿಗಳಿದ್ದು, ಹಿಡಿಯನ್ನು ಒತ್ತಿದಾಗ ಬೋರ್ಡಿಗೆ 6ರಂತೆ 48 ಸ್ಪ್ರಿಂಗ್ ಪಿನ್ನುಗಳು ತಾಗುತ್ತವೆ. ಚೆನ್ನೆಮಣೆಯ ನೆನಪಿನಿಂದ ಇದನ್ನು ‘ಅಚ್ಚುಮಣೆ’ ಎಂದು ಕರೆದಿದ್ದೇನೆ. ಮುದ್ರಣಾಲಯದವರಲ್ಲಿ ಅಥವಾ ಮರಗೆಲಸದವರಲ್ಲಿ ಈ ಪದ ಬೇರೆ ಅರ್ಥದಲ್ಲಿ ಬಳಕೆಯಲ್ಲಿದ್ದರೆ ದಯವಿಟ್ಟು ತಿಳಿಸಿ. ಕೈಪಿಡಿ ಅಚ್ಚಿಗೆ ಹೋಗುವ ಮೊದಲು ತಿದ್ದಿಕೊಳ್ಳುತ್ತೇನೆ.