ಒಟ್ಟಿಗೆ ಸಾವಿರಾರು ಫೈಲ್‌ಗಳ ಹೆಸರು ಬದಲಿಸೋದು: ಮೇಡಂ ಹತ್ತಿರ ಕೇಳಿ

ಅಡ್ಮಿನ್: ಹಳೇ ದಾಖಲೆ, ಪುಸ್ತಕ ಸ್ಕ್ಯಾನ್ ಮಾಡಿ ಜೋಡಿಸಿಡುವ ಕೆಲಸದಲ್ಲಿರುವ ನಮ್ಮ ಮೇಡಂ ಇವತ್ತು ಸಂಜೆ ಉತ್ತರ ಕೊಡ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಶುಭೋದಯದ ಚಿತ್ರ ಹಾಕಿದವರು ಹೊರಗೆ.

ಕಡೂರು: ಮೇಡಂ ನಮಸ್ಕಾರ. ಪ್ರವಾಸದ 500 ಫೋಟೋ ಇದೆ. ಎಲ್ಲಕ್ಕೂ "ಪ್ರವಾಸ" ಅಂತ ಹೆಸರು, ಮುಂದೆ ನಂಬರ್ ಬರಬೇಕು.

ಮೇಡಂ: ನಮಸ್ಕಾರ. ಕಂಟ್ರೋಲ್ ಎ ಒತ್ತಿ ಎಲ್ಲಾ ಆರಿಸಿ. ಎಫ್2 ಒತ್ತಿ, ಹೆಸರು ಟೈಪ್ ಮಾಡಿ, ಎಂಟರ್. ಪ್ರವಾಸ (1), ಪ್ರವಾಸ (2) ಅಂತ ಆಗುತ್ತೆ. ತಪ್ಪಾದರೆ ತಕ್ಷಣ ಕಂಟ್ರೋಲ್ ಝಡ್. ವಿಂಡೋಸ್‌ನಲ್ಲೇ ಇದೆ, ಏನೂ ಇಳಿಸಿಕೊಳ್ಳೋದು ಬೇಡ.

ಹಾಸನ ಸ್ಟುಡಿಯೋ: ಒಂದೇ ಮದುವೆ, ಎರಡು ಕ್ಯಾಮೆರಾ. ಎರಡರಲ್ಲೂ ಡಿಎಸ್‌ಸಿ_0001ರಿಂದಲೇ ಶುರು. ಸಮಯದ ಪ್ರಕಾರ ಬೆರೆಸಬೇಕು. ಒಂದರ ಗಡಿಯಾರ ಹಿಂದಿದೆ.

ಮೇಡಂ: ಮೊದಲು ಗಡಿಯಾರ ಸರಿಮಾಡಿ, ಆಮೇಲೆ ಹೆಸರು. ಎರಡೂ ಕ್ಯಾಮೆರಾದಲ್ಲಿ ಸಿಕ್ಕಿರುವ ಒಂದೇ ಕ್ಷಣ ಹುಡುಕಿ, ತಾಳಿಯ ಗಂಟು ಬೀಳುವ ಫೋಟೋ ಇದ್ದೇ ಇರುತ್ತೆ. ಎರಡರ ಸಮಯದ ವ್ಯತ್ಯಾಸ ಎಷ್ಟೋ ಅಷ್ಟನ್ನು ಹಿಂದಿರುವ ಕ್ಯಾಮೆರಾದ ಎಲ್ಲಾ ಫೋಟೋಗೂ ಎಕ್ಸಿಫ್‌ಟೂಲ್‌ನಲ್ಲಿ (ಫೋಟೋದೊಳಗೆ ದಾಖಲಾದ ಸಮಯ ತಿದ್ದುವ ತಂತ್ರಾಂಶ) ಕೂಡಿಸಿ. ನಂತರ ತೆಗೆದ ಸಮಯವನ್ನೇ ಹೆಸರಾಗಿಡಿ: ವರ್ಷ, ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡ್, ಕೊನೆಗೆ ಕ್ಯಾಮೆರಾಗೊಂದು ಅಕ್ಷರ. ಫೋಟೋ ತಿದ್ದುವ ಲೈಟ್‌ರೂಮ್‌ಗೆ ಆಗಲೇ ಹಾಕಿದ್ದರೆ ಹೆಸರನ್ನು ಅದರೊಳಗೇ ಬದಲಿಸಿ. ಹೊರಗಿನಿಂದ ಬದಲಿಸಿದರೆ ಅದಕ್ಕೆ ಫೋಟೋ ಎಲ್ಲಿದೆ ಅಂತಲೇ ಗೊತ್ತಾಗಲ್ಲ.

ಸಾಗರದ ಮೇಷ್ಟ್ರು: ಮೇಡಂ, ನಮ್ಮ ತಾತನ ದಿನಚರಿ, 1951ರಿಂದ 1962ರವರೆಗೆ 12 ಪುಸ್ತಕ, ಸ್ಕ್ಯಾನ್ ಮಾಡಿದ್ದೆ. ಪ್ರತಿ ಪುಸ್ತಕಕ್ಕೂ ಸ್ಕ್ಯಾನರ್ 0001ರಿಂದ ಶುರು ಮಾಡುತ್ತೆ, ಹಾಗಾಗಿ ಒಂದೇ ಫೋಲ್ಡರ್‌ಗೆ ಹಾಕಲು ಆಗುತ್ತಿರಲಿಲ್ಲ. ಇನ್ನೊಂದು ಗ್ರೂಪಿನಲ್ಲಿ ಬಂದ ಬ್ಯಾಟ್ ಫೈಲ್ (ಕಂಪ್ಯೂಟರಿಗೆ ಆಜ್ಞೆ ಬರೆದಿಟ್ಟ ಪುಟ್ಟ ಫೈಲ್) ಓಡಿಸಿದೆ. ಈಗ ಎಲ್ಲಾ ಒಂದೇ ಕಡೆ ಇದೆ, ಆದರೆ ಹೆಸರೆಲ್ಲ ಅಡ್ಡಾದಿಡ್ಡಿ ನಂಬರ್. ವರಸೆ ತಪ್ಪಿದೆ. ಮತ್ತೆ ಜೋಡಿಸುವುದು ಹೇಗೆ?

ಮೇಡಂ: ಆ ಫೈಲ್ ನೋಟ್‌ಪ್ಯಾಡ್‌ನಲ್ಲಿ ತೆರೆದು ಒಳಗಿರುವುದನ್ನು ಇಲ್ಲಿ ಹಾಕಿ. ಓಡಿಸಬೇಡಿ. ಮೊದಲು ಎಷ್ಟು ಪುಟ ಇತ್ತು, ಈಗ ಎಷ್ಟಿದೆ?

ಸಾಗರದ ಮೇಷ್ಟ್ರು: ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ, 4,212. ಈಗ 3,951 ತೋರಿಸ್ತಿದೆ. ಅದರಲ್ಲಿ "ಮೂವ್", ಪಕ್ಕದಲ್ಲಿ ಗೆರೆ ಮತ್ತು ವೈ, ಆಮೇಲೆ "ರಾಂಡಮ್" ಅಂತ ಇದೆ.

ಮೇಡಂ: ಮೇಷ್ಟ್ರೇ, ವರಸೆ ಆಮೇಲೆ. ನಿಮ್ಮ 261 ಪುಟ ಹೋಗಿದೆ. ಆ "ವೈ" ಅಂದರೆ ಅದೇ ಹೆಸರಿನ ಫೈಲ್ ಇದ್ದರೆ ಕೇಳದೆ ಅದರ ಮೇಲೆ ಇದನ್ನು ಹಾಕು ಅಂತ. "ರಾಂಡಮ್" ಕೊಡುವುದು 0ಯಿಂದ 32,767ರೊಳಗಿನ ಒಂದು ಅಂಕಿ. ಒಂದೇ ಅಂಕಿ ಎರಡು ಸಲ ಬಿತ್ತು ಅಂದರೆ ಮೊದಲಿನ ಪುಟ ಮಾಯ.

ಈಗ ಮಾಡಬೇಕಾದದ್ದು. ಅದು ಹೊರಗಿನ ಹಾರ್ಡ್ ಡಿಸ್ಕಾ? ಹಾಗಿದ್ದರೆ ಈಗಲೇ ಸೇಫ್ ಆಗಿ ತೆಗೆದಿಡಿ. ಅದಕ್ಕೆ ಏನನ್ನೂ ಕಾಪಿ ಮಾಡಬೇಡಿ, ಮತ್ತೆ ಸ್ಕ್ಯಾನ್ ಮಾಡಿ ಅದರೊಳಗೆ ಹಾಕಬೇಡಿ. ಹೋದ ಪುಟಗಳು ಡಿಸ್ಕಿನ ಖಾಲಿ ಜಾಗದಲ್ಲಿ ಇನ್ನೂ ಕೂತಿರಬಹುದು, ಬೇರೆ ಏನಾದರೂ ಅಲ್ಲಿ ಬಂದು ಕೂರುವವರೆಗೆ. ಕಂಪ್ಯೂಟರಿನಲ್ಲಿ ಫೋಟೊರೆಕ್ (ಅಳಿಸಿಹೋದ ಫೈಲ್ ಹುಡುಕಿಕೊಡುವ ತಂತ್ರಾಂಶ) ಹಾಕಿ, ಖಾಲಿ ಜಾಗ ಮಾತ್ರ ಹುಡುಕಲು ಹೇಳಿ, ಸಿಕ್ಕಿದ್ದನ್ನು ಇನ್ನೊಂದು ಡಿಸ್ಕಿಗೆ ಇಳಿಸಿ. ಹೆಸರು ವಾಪಸ್ ಬರಲ್ಲ, ಚಿತ್ರ ಬರುತ್ತೆ. ದಿನಚರಿಯಾದ್ದರಿಂದ ಪುಟದ ಮೇಲೇ ತಾರೀಖಿದೆ, ಅದು ನಿಮ್ಮ ಪುಣ್ಯ. ಎಸ್‌ಎಸ್‌ಡಿ (ಒಳಗೆ ತಿರುಗುವ ತಟ್ಟೆ ಇಲ್ಲದ ಡಿಸ್ಕ್) ಆಗಿದ್ದರೆ ಸಿಗುವ ಆಸೆ ಕಡಿಮೆ.

ಉಳಿದ 3,951ರ ವರಸೆ ಕಷ್ಟವಲ್ಲ. ಹೆಸರು ಬದಲಾದರೂ "ಡೇಟ್ ಮಾಡಿಫೈಡ್" ಬದಲಾಗಲ್ಲ, ಅದು ಸ್ಕ್ಯಾನ್ ಮಾಡಿದ ಕ್ಷಣವೇ. ನಡುವೆ ಯಾವುದಾದರೂ ಪುಟ ತಿರುಗಿಸಿ ಸೇವ್ ಮಾಡಿದ್ದರೆ ಅದೊಂದು ಬೇರೆ ಕಡೆ ಹೋಗುತ್ತೆ, ಅಷ್ಟೆ. "ಡೇಟ್ ಕ್ರಿಯೇಟೆಡ್" ನಂಬಬೇಡಿ, ಕಾಪಿ ಮಾಡಿದರೆ ಬದಲಾಗುತ್ತೆ. ಮೇಲಿನ ಕೆಲಸ ಮುಗಿದ ಮೇಲೆ ಇನ್ನೊಂದು ಡಿಸ್ಕಿಗೆ ಕಾಪಿ ಮಾಡಿ, ಬಲ್ಕ್ ರೀನೇಮ್ ಯುಟಿಲಿಟಿ ಅನ್ನೋ ತಂತ್ರಾಂಶದಲ್ಲಿ ಮಾಡಿಫೈಡ್ ಸಮಯವನ್ನು ಸೆಕೆಂಡ್ ಸಮೇತ ಹೆಸರಿನ ಶುರುವಿಗೆ ಸೇರಿಸಿ. ಒಂದು ಪುಟಕ್ಕೆ ಎಷ್ಟು ಹೊತ್ತು ಹಿಡಿಯುತ್ತಿತ್ತು?

ತುಮಕೂರು ಸೆಂಟರ್: ಕ್ಷಮಿಸಿ, ಆ ಬ್ಯಾಟ್ ಫೈಲ್ ನಾನೂ ಉಪಯೋಗಿಸಿದ್ದೇನೆ. 30 ಫೋಟೋ, ಒಂದೂ ಹೋಗಿಲ್ಲ. ಸುಮ್ಮನೆ ಜನರಿಗೆ ಗಾಬರಿ ಹುಟ್ಟಿಸಬೇಡಿ.

ಮೇಡಂ: 30ಕ್ಕೆ ಡಿಕ್ಕಿಯಾಗುವ ಸಂಭವ ನೂರಕ್ಕೆ ಒಂದು ಚಿಲ್ಲರೆ. 4,212ಕ್ಕೆ ಲೆಕ್ಕ ಹಾಕಿದರೆ 260ರ ಹತ್ತಿರ ಹೋಗಲೇಬೇಕು, ಮೇಷ್ಟ್ರದ್ದು 261 ಹೋಗಿದೆ. ನಿಮ್ಮದು ಅದೃಷ್ಟ, ಪರೀಕ್ಷೆ ಅಲ್ಲ. ಅದನ್ನು ಮುಂದಕ್ಕೆ ಕಳಿಸಿದ್ದು ನೀವೇನಾ?

ತುಮಕೂರು ಸೆಂಟರ್: ಕಳಿಸಿದ್ದರೆ ಏನು? ಸಹಾಯ ಮಾಡುವುದು ತಪ್ಪಾ?

ಲಿನಕ್ಸ್ ಗೆಳೆಯ: ಇದಕ್ಕೇ ಹೇಳೋದು ವಿಂಡೋಸ್ ಬಿಡಿ ಅಂತ. ನಮ್ಮಲ್ಲಿ ಒಂದು ಸಾಲು, ಮುಗೀತು.

ಮೇಡಂ: ಹೆಸರು ಬದಲಿಸುವ ನಿಮ್ಮ "ಎಂವಿ" ಆಜ್ಞೆ ಕೂಡ ಸಾಮಾನ್ಯವಾಗಿ ಕೇಳದೆಯೇ ಮೇಲೆ ಹಾಕುತ್ತೆ. ಮೈನಸ್ ಎನ್ (ಇದ್ದದ್ದರ ಮೇಲೆ ಹಾಕಬೇಡ ಅಂತ) ಹಾಕದೆ ಯಾರಿಗೂ ಆ ಸಾಲು ಕೊಡಬೇಡಿ.

ಮೈಸೂರು: ಮೇಡಂ, 800 ಫೋಟೋಗೆ ಒಂದೇ ಹೆಸರು, ಮುಂದೆ ನಂಬರ್. ಹೇಗೆ?

ಮೇಡಂ: ಮೇಲೆ ನೋಡಿ. ಕಡೂರು.

ಧಾರವಾಡ: ಫೈಲಿಗೆ ಕನ್ನಡದಲ್ಲೇ ಹೆಸರಿಡಬೇಕು ಅಂತ ನಾನು. ಏನಾದರೂ ತೊಂದರೆ ಇದೆಯೇನ್ರಿ?

ಲಿನಕ್ಸ್ ಗೆಳೆಯ: ಇಂಗ್ಲಿಷ್‌ನಲ್ಲೇ ಇಡಿ. ಲಿನಕ್ಸ್‌ನ ಎಕ್ಸ್‌ಟಿ4ನಲ್ಲಿ (ಡಿಸ್ಕಿನಲ್ಲಿ ಫೈಲ್ ಜೋಡಿಸಿಡುವ ವ್ಯವಸ್ಥೆ) ಹೆಸರಿಗೆ 255 ಬೈಟ್ ಮಿತಿ, ಕನ್ನಡದ ಒಂದು ಸಂಕೇತಕ್ಕೆ ಮೂರು ಬೈಟ್. 85ಕ್ಕೆ ಮುಗಿಯಿತು. "ಕ್ಷ" ಒಂದಕ್ಕೇ ಒಂಬತ್ತು.

ಧಾರವಾಡ: ಯಾವ ಫೈಲಿಗೆ 85ಕ್ಕಿಂತ ಉದ್ದ ಹೆಸರು ಇಡ್ತೀರಿ? ಲಗ್ನಪತ್ರಿಕೆ ಪೂರ್ತಿ ಬರೀತೀರೇನು?

ಲಿನಕ್ಸ್ ಗೆಳೆಯ: ವೈಯಕ್ತಿಕವಾಗಿ ಮಾತಾಡಬೇಡಿ.

ಧಾರವಾಡ: ವೈಯಕ್ತಿಕ ಏನ ಐತ್ರಿ ಇದ್ರಾಗ. ಕನ್ನಡ ಅಂದ್ರ ನಿಮಗ ತ್ರಾಸು, ಅದನ್ನ ಹೇಳ್ರಿ.

ಮೇಡಂ: ಇಬ್ಬರೂ ಸಾಕು. ಕನ್ನಡದಲ್ಲಿ ಇಡಬಹುದು, ಯುನಿಕೋಡ್‌ನಲ್ಲಿ (ಎಲ್ಲಾ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಇಡಿ. ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದರೆ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಅಕ್ಷರ ಬರುತ್ತೆ.

ಉಡುಪಿ: ನಮ್ಮ ಪೆನ್‌ಡ್ರೈವ್‌ನಲ್ಲಿ "ಫೋಟೋ" ಅಂತ ಎರಡು ಫೋಲ್ಡರ್ ಒಂದೇ ಜಾಗದಲ್ಲಿ ಇದೆ. ಇದು ಹೇಗೆ ಸಾಧ್ಯ? ವೈರಸ್ಸಾ?

ಮೇಡಂ: ವೈರಸ್ ಅಲ್ಲ, ಚೆಂದದ ಪ್ರಶ್ನೆ. ಅದರಲ್ಲೊಂದು ಮ್ಯಾಕ್‌ನಿಂದ (ಆಪಲ್ ಕಂಪ್ಯೂಟರ್) ಬಂದಿದೆಯಾ? ಓಕಾರದ ಗುರುತನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರ, ಊಕಾರ, ದೀರ್ಘ ಅಂತ ಮೂರು ತುಂಡು ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಎರಡು ಬೇರೆ ಹೆಸರು. "ಫೋ" ಹುಡುಕಿ ಬದಲಿಸಲು ಹೋದರೆ ಅರ್ಧ ಫೈಲು ಸಿಕ್ಕದಿರುವುದೂ ಇದರಿಂದಲೇ. ಒಂದಕ್ಕೆ ಬೇರೆ ಹೆಸರು ಕೊಟ್ಟು ಒಳಗಿನದನ್ನು ಹೋಲಿಸಿ. ಹೋಲಿಸದೆ ಅಳಿಸಬೇಡಿ.

ಬಳ್ಳಾರಿ: ಪಿಡಿಎಫ್ ಒಳಗಿನ ಶೀರ್ಷಿಕೆಯೇ ಫೈಲಿನ ಹೆಸರಾಗಬೇಕು. ದಾರಿ ಇದೆಯಾ?

ಮಂಡ್ಯ: ಐಫೋನ್ ಫೋಟೋ ಎಲ್ಲಾ ಹೆಚ್‌ಇಐಸಿ ಅಂತ ಬಂದಿದೆ. ಹೆಸರಿನ ಕೊನೆಯಲ್ಲಿರುವ ಅದನ್ನ ಜೆಪಿಜಿ ಅಂತ ತಿದ್ದಿದರೆ ತೆರೆಯುತ್ತೆ ಅಂತ ಮೆಸೇಜ್ ಬಂದಿತ್ತು.

ಮೇಡಂ: ರಾಗಿ ಡಬ್ಬಕ್ಕೆ ಅಕ್ಕಿ ಅಂತ ಚೀಟಿ ಅಂಟಿಸಿದ ಹಾಗೆ. ಕನ್ವರ್ಟ್ ಮಾಡಿ.

ತುಮಕೂರು ಸೆಂಟರ್: ಎಲ್ಲಾ ಫಾರ್ವರ್ಡೂ ಕೆಟ್ಟದ್ದು ಅನ್ನೋ ಹಾಗೆ ಮಾತಾಡ್ತಾರಪ್ಪ ಇವರು. ಹೊಸದೊಂದಿದೆ, ಇದರಲ್ಲಿ "ವೈ" ಇಲ್ಲ, ಹಾಕಲಾ?

ಮೇಡಂ: ಬೇಡ.

ತುಮಕೂರು ಸೆಂಟರ್: ನೋಡದೇನೇ ಬೇಡ ಅಂದರೆ ಹೇಗೆ?

ಮೇಡಂ: ಓಡಿಸುವ ಮೊದಲು ಹಳೇ ಹೆಸರು, ಹೊಸ ಹೆಸರು ಎದುರುಬದುರು ತೋರಿಸದ ಯಾವುದೂ ಬೇಡ. ಮೈಕ್ರೋಸಾಫ್ಟ್‌ನ ಪವರ್‌ಟಾಯ್ಸ್ ತಂತ್ರಾಂಶದಲ್ಲಿರುವ ಪವರ್‌ರೀನೇಮ್ ಪುಕ್ಕಟೆ ಸಿಗುತ್ತೆ, ಅದು ತೋರಿಸುತ್ತೆ. ಇಷ್ಟು ಹೇಳಿದ ಮೇಲೂ ಬ್ಯಾಟ್ ಫೈಲೇ ಬೇಕು ಅಂದರೆ ನಿಮ್ಮದೇ ಫೋಟೋ ಮೇಲೆ ಪ್ರಯೋಗ ಮಾಡಿ.

ಅಡ್ಮಿನ್: ದಯವಿಟ್ಟು ಶಾಂತವಾಗಿರಿ. ತುಮಕೂರು, ಫೈಲ್ ಹಾಕಿದರೆ ಅಳಿಸ್ತೀನಿ.

ಸಾಗರದ ಮೇಷ್ಟ್ರು: ಮೇಡಂ, ಡಿಸ್ಕ್ ತೆಗೆದು ಬೀರುವಿನಲ್ಲಿ ಇಟ್ಟೆ. ಹಳೇ ಥರದ್ದು, ಒಳಗೆ ತಿರುಗುವ ಸದ್ದು ಬರುತ್ತೆ. ಪುಟಕ್ಕೆ ಇಪ್ಪತ್ತು ಸೆಕೆಂಡ್ ಹಿಡಿಯುತ್ತಿತ್ತು.

ಮೇಡಂ: ಒಳ್ಳೇದು. ಹಾಗಾದರೆ ಸಮಯ ಜೋಡಿಸಿದಾಗ ಎಲ್ಲಿ ನಲವತ್ತು ಸೆಕೆಂಡ್ ಅಂತರ ಇದೆಯೋ ಅಲ್ಲಿ ಒಂದು ಪುಟ ಹೋಗಿದೆ. ಕಾಫಿ ಕುಡಿಯಲು ಎದ್ದದ್ದೂ ಹಾಗೇ ಕಾಣುತ್ತೆ, ತಾರೀಖು ನೋಡಿ ಖಚಿತ ಮಾಡಿಕೊಳ್ಳಿ. ಪುಸ್ತಕಗಳು ಇವೆ ತಾನೇ?

ಸಾಗರದ ಮೇಷ್ಟ್ರು: 11 ಇವೆ. 1957ರದ್ದು ಚಿಕ್ಕಪ್ಪನ ಮನೆಯಲ್ಲಿದೆ, ನಾಳೆ ಬೆಳಿಗ್ಗೆ ಬಸ್ಸಿಗೆ ಹೋಗ್ತೀನಿ.

ಮೈಸೂರು: ಮೇಡಂ, ಎಫ್2 ಒತ್ತಿದರೆ ಸೌಂಡ್ ಕಮ್ಮಿ ಆಗ್ತಿದೆ.

ಮೇಡಂ: ಎಫ್‌ಎನ್ ಹಿಡಿದು ಒತ್ತಿ.