ಅರವತ್ತರ ಹುಟ್ಟುಹಬ್ಬಕ್ಕೆ ಗುಲ್ಮಾರ್ಗ್: ಡಾಕ್ಟರಿಗೆ ಕೇಳಿ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ನಮ್ಮ ಹಾಸನ-ಚಿಕ್ಕಮಗಳೂರು ಚಾರಣದ ಬಳಗದಲ್ಲಿ ಈ ವರ್ಷ ನಲವತ್ತು, ಐವತ್ತು, ಅರವತ್ತು ತುಂಬುವವರು ಸುಮಾರು ಜನ ಇದ್ದೀರಿ. ಕಾಶ್ಮೀರದ ಗುಲ್ಮಾರ್ಗಿಗೆ ಹೋಗಿ ಹಿಮದಲ್ಲಿ ಜಾರಿ ಹುಟ್ಟುಹಬ್ಬ ಮಾಡ್ಕೋತೀವಿ ಅಂತ ದಿನಾ ಒಂದು ಮೆಸೇಜ್. ಹಾಸನದಲ್ಲಿ ಪ್ರಾಕ್ಟೀಸ್ ಮಾಡುವ, ತಾವೂ ಸ್ಕೀ ಮಾಡುವ ನಮ್ಮ ಡಾಕ್ಟರ್ ಇವತ್ತು ಸಂಜೆ ಉತ್ತರ ಕೊಡ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಬೇಡ.

ಬೇಲೂರು ಬುಲೆಟ್: ಸರ್, ನಂಗೆ ನಲವತ್ತು ತುಂಬುತ್ತೆ. ಸ್ಕೀನಾ, ಸ್ನೋಬೋರ್ಡಾ? ಬೋರ್ಡೇ ಸ್ಟೈಲು ಅಂತಾರೆ.

ಡಾಕ್ಟರ್: ಸ್ಕೀಯಲ್ಲಿ ಹೋಗೋದು ಮಂಡಿ, ಬೋರ್ಡಿನಲ್ಲಿ ಮಣಿಕಟ್ಟು. ಬೋರ್ಡಿನಲ್ಲಿ ಎರಡೂ ಕಾಲು ಒಂದೇ ಹಲಗೆಗೆ ಬಿಗಿದಿರುತ್ತೆ, ಬೀಳುವಾಗ ಕೈ ಊರೇ ಊರುತ್ತೀರಿ. ಶುರುವಿನ ದಿನಗಳಲ್ಲಿ ಬೀಳೋದೇ ಜಾಸ್ತಿ, ರಿಸ್ಟ್ ಗಾರ್ಡ್ ಹಾಕ್ಕೊಳ್ಳಿ. ಸ್ಕೀ ಆದ್ರೆ ಬೀಳುವಾಗ ಕೈಯಲ್ಲಿರೋ ಕೋಲು ಬಿಟ್ಟುಬಿಡಿ, ಹಿಡ್ಕೊಂಡೇ ಬಿದ್ರೆ ಹೆಬ್ಬೆರಳಿನ ಬುಡದ ಲಿಗಮೆಂಟ್ ಹರಿಯುತ್ತೆ. ಹೊರಡೋಕೆ ಎರಡು ತಿಂಗಳು ಮುಂಚೆಯಿಂದ ತೊಡೆಗೆ ವ್ಯಾಯಾಮ ಮಾಡಿ, ಬುಲೆಟ್ ಓಡಿಸೋದು ವ್ಯಾಯಾಮ ಅಲ್ಲ. ಯಾವುದೇ ಆದ್ರೂ ಹೆಲ್ಮೆಟ್ ಬೇಕು.

ಅರಸೀಕೆರೆ ತೆಂಗು: ಎತ್ತರದ ಕಾಯಿಲೆ ಬರದ ಹಾಗೆ ಡಯಾಮಾಕ್ಸ್ ಗುಳಿಗೆ ತಗೋಬೇಕಾ ಸರ್?

ಡಾಕ್ಟರ್: ಆರೋಗ್ಯವಾಗಿರೋರಿಗೆ ಗುಲ್ಮಾರ್ಗಿನಲ್ಲಿ ಮಲಗೋಕೆ ಮಾತ್ರ ಬಹುತೇಕ ಬೇಕಾಗಲ್ಲ. ಶ್ರೀನಗರ ಸುಮಾರು 1,600 ಮೀಟರ್, ಅಂದ್ರೆ ನಮ್ಮ ಮುಳ್ಳಯ್ಯನಗಿರಿ ತುದಿಗಿಂತ ಕೆಳಗೇ. ಅಲ್ಲಿ ಒಂದು ರಾತ್ರಿ ಕಳೀರಿ. ಗುಲ್ಮಾರ್ಗ್ ಸುಮಾರು 2,650. ಅಲ್ಲೂ ಮೊದಲ ದಿನ ಸುಮ್ಮನಿರಿ. ಬೇಕು ಅನ್ನಿಸಿದ್ರೆ ನಿಮ್ಮ ಡಾಕ್ಟರ್ ಬರ್ಕೊಡ್ತಾರೆ, ಹತ್ತೋ ಹಿಂದಿನ ದಿನ ಶುರು ಮಾಡೋ ಗುಳಿಗೆ ಅದು. ಬೆರಳು ಜುಮ್ ಅನ್ನುತ್ತೆ, ಮೂತ್ರ ಜಾಸ್ತಿ ಬರುತ್ತೆ. ಸಲ್ಫಾ ಔಷಧಿ ಒಗ್ಗದವರು ಮೊದಲೇ ಹೇಳಿ.

ಸಕಲೇಶಪುರದ ಮಗಳು: ಡಾಕ್ಟ್ರೇ, ನಮ್ಮಪ್ಪನಿಗೆ ಫೆಬ್ರವರಿಯಲ್ಲಿ ಅರವತ್ತು. ಗುಲ್ಮಾರ್ಗ್ ಬುಕ್ ಮಾಡಿದೀನಿ, ಅವರಿಗೆ ಇನ್ನೂ ಹೇಳಿಲ್ಲ. ಬೆಳಿಗ್ಗೆ ಬೆಂಗಳೂರಿಂದ ಹೊರಟು ಅವತ್ತೇ ಗುಲ್ಮಾರ್ಗ್. ಮಾರನೇ ದಿನವೇ ಹುಟ್ಟುಹಬ್ಬ, ಗೊಂಡೋಲಾದಲ್ಲಿ, ಅಂದ್ರೆ ಅಲ್ಲಿನ ಕೇಬಲ್ ಕಾರಿನಲ್ಲಿ, ಎರಡನೇ ಹಂತಕ್ಕೆ ಹೋಗಿ ಮೇಲೆ ಕೇಕು, ಫೋಟೋ. ಆಮೇಲೆ ಸ್ಕೀ ಕ್ಲಾಸು. ಶುಗರ್ ಇದೆ, ಇನ್ಸುಲಿನ್ ತಗೋತಾರೆ. ಐದು ತಿಂಗಳ ಹಿಂದೆ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದಾರೆ, ಈಗ ಆರಾಮಿದಾರೆ. ಏನೇನು ಗುಳಿಗೆ ಒಯ್ಯಬೇಕು?

ಡಾಕ್ಟರ್: ತಾಯಿ, ಗುಳಿಗೆ ಆಮೇಲೆ. ಸ್ಟೆಂಟ್ ಹಾರ್ಟ್ ಅಟ್ಯಾಕ್ ಆಗಿ ಹಾಕಿದ್ದಾ, ಚೆಕಪ್ಪಿನಲ್ಲಿ ಸಿಕ್ಕಿದ್ದಾ? ಆಮೇಲೆ ಎಕೋ ಆಯ್ತಾ? ಟ್ರೆಡ್‌ಮಿಲ್?

ಮೂಡಿಗೆರೆ ತೋಟ: ಫೆಬ್ರವರಿಯಲ್ಲಿ ರೋಬಸ್ಟಾ ಕೊಯ್ಲು ಬಿಟ್ಟು ಹಿಮದಲ್ಲಿ ಜಾರೋಕೆ ಹೋಗೋ ಪ್ಲಾಂಟರ್‌ನ ಇವತ್ತೇ ನೋಡ್ತಿರೋದು ಮಾರಾಯ್ರೆ.

ಸಕಲೇಶಪುರದ ಮಗಳು: ನಮ್ಮದು ಅರೇಬಿಕಾ, ಕೊಯ್ಲು ಜನವರಿಗೇ ಮುಗಿಯುತ್ತೆ. ನಿಮಗ್ಯಾಕೆ?

ಹಾಸನ ಮೇಷ್ಟ್ರು: ಅರವತ್ತಾದರೆ ಷಷ್ಟ್ಯಬ್ದಿ ಶಾಂತಿ ಮಾಡಿಸಿ, ನಾಲ್ಕು ಜನಕ್ಕೆ ಊಟ ಹಾಕಿ. ಹಿಮದ ಮೇಲೆ ಕೇಕು ಕತ್ತರಿಸುವುದು ಯಾವ ಸಂಸ್ಕೃತಿ?

ಬೇಲೂರು ಬುಲೆಟ್: ಮೇಷ್ಟ್ರೇ, ಎರಡೂ ಮಾಡ್ಲಿ ಬಿಡಿ. ಹೋಮದ ಹೊಗೆಗೆ ಹೃದಯ ಗಟ್ಟಿಯಾಗಲ್ಲ.

ಹಾಸನ ಮೇಷ್ಟ್ರು: ನಿಮ್ಮನ್ನು ಯಾರೂ ಕೇಳಿಲ್ಲ.

ಮಲ್ನಾಡ್ ಆಂಟಿ: ಫಾರ್ವರ್ಡ್ ಆಗಿ ಬಂದಿದ್ದು, ಎಲ್ಲರಿಗೂ ಉಪಯೋಗ ಆಗ್ಲಿ. *ಕರ್ಪೂರ, ಲವಂಗ, ಓಂಕಾಳು ಬಟ್ಟೇಲಿ ಕಟ್ಟಿ ಮೂಸಿದ್ರೆ ಆಮ್ಲಜನಕ ಏರುತ್ತೆ. ಬೆಟ್ಟಕ್ಕೆ ಹೋಗುವವರು ತಪ್ಪದೆ ಒಯ್ಯಿರಿ.*

ಡಾಕ್ಟರ್: ಏರಲ್ಲ. ಕೊರೋನಾ ಕಾಲದಲ್ಲೂ ಇದೇ ಪೊಟ್ಟಣ ಬಂದಿತ್ತು. ಕರ್ಪೂರದ ಘಾಟಿಗೆ ಮೂಗು ಬಿಟ್ಟ ಹಾಗೆ ಅನಿಸುತ್ತೆ, ರಕ್ತದಲ್ಲಿ ಆಕ್ಸಿಜನ್ ಒಂದು ಚೂರೂ ಹೆಚ್ಚಲ್ಲ. ಮಕ್ಕಳು ಕರ್ಪೂರ ನುಂಗಿದ್ರೆ ಫಿಟ್ಸ್ ಬರುತ್ತೆ. ಅಡ್ಮಿನ್, ಅದನ್ನ ಡಿಲೀಟ್ ಮಾಡಿ.

ಸಕಲೇಶಪುರದ ಮಗಳು: ಅಟ್ಯಾಕ್ ಆಗಿಯೇ ಹಾಕಿದ್ದು ಸರ್. ಆಸ್ಪತ್ರೆಯಲ್ಲಿದ್ದಾಗ ಎಕೋ ಮಾಡಿದ್ರು, ಪರವಾಗಿಲ್ಲ ಅಂದ್ರು. ಟ್ರೆಡ್‌ಮಿಲ್ ಮಾಡಿಲ್ಲ. ಆಸ್ಪಿರಿನ್, ಕ್ಲೋಪಿಡೊಗ್ರೆಲ್, ಬಿಪಿಗೆ ಮೆಟೊಪ್ರೊಲಾಲ್ ನಡೀತಿದೆ.

ಡಾಕ್ಟರ್: ಸರಿ, ಇದಕ್ಕೆ ಉದ್ದಕ್ಕೇ ಬರೀತೀನಿ. ಸ್ಟೆಂಟ್ ಇರೋ ಬೇರೆಯವರೂ ಓದಿ.

ಗೊಂಡೋಲಾದ ಮೊದಲ ಹಂತ ಕೊಂಗ್‌ಡೂರಿ, ಸುಮಾರು 3,080 ಮೀಟರ್. ಎರಡನೇದು ಅಫರ್ವಾಟ್ ಬೆಟ್ಟದ ಮೇಲೆ, 3,900 ದಾಟುತ್ತೆ. ಮುಳ್ಳಯ್ಯನಗಿರಿ 1,930, ಅದರ ಎರಡರಷ್ಟು ಅಂದ್ಕೊಳ್ಳಿ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲೂ ಇರಲ್ಲ. ಸಕಲೇಶಪುರದಿಂದ ಹೊರಟವರನ್ನ ಒಂದೇ ರಾತ್ರಿಯ ಅಂತರದಲ್ಲಿ ಅಲ್ಲಿ ನಿಲ್ಲಿಸ್ತೀರಿ. ಆಕ್ಸಿಜನ್ ಕಡಿಮೆ ಆದಷ್ಟೂ ಹೃದಯ ಜೋರಾಗಿ ಹೊಡ್ಕೋಬೇಕು. ಚಳಿಗೆ ರಕ್ತನಾಳ ಬಿಗಿಯುತ್ತೆ, ಬಿಪಿ ಏರುತ್ತೆ. ಅದರ ಮೇಲೆ ಆ ಭಾರದ ಬೂಟು ಹಾಕ್ಕೊಂಡು ಹಿಮದಲ್ಲಿ ಹತ್ತು ಹೆಜ್ಜೆ ನಡೆದು ನೋಡಿ, ಗೊತ್ತಾಗುತ್ತೆ.

ಎರಡನೇದು, ರಕ್ತ ತೆಳುವಾಗಿಸೋ ಗುಳಿಗೆ ಎರಡಿದೆ. ಸ್ಕೀ ಕಲಿಯೋರು ಬೀಳದೇ ಕಲಿಯಲ್ಲ. ತಲೆಗೆ ಪೆಟ್ಟಾದ್ರೆ ಒಳಗೆ ರಕ್ತ ಸೋರಬಹುದು. ಹಾಗಂತ ನಾಲ್ಕು ದಿನ ಗುಳಿಗೆ ನಿಲ್ಲಿಸೋ ಯೋಚನೆ ಬೇಡವೇ ಬೇಡ, ಸ್ಟೆಂಟ್ ಕಟ್ಟಿಕೊಳ್ಳುತ್ತೆ.

ಮೂರನೇದು ಇನ್ಸುಲಿನ್. ಹೆಪ್ಪುಗಟ್ಟಿದ್ರೆ ಆ ಬಾಟಲು ಕಸಕ್ಕೆ, ಕರಗಿಸಿ ಹಾಕೋ ಹಾಗಿಲ್ಲ. ಚೆಕ್-ಇನ್ ಲಗೇಜಿನಲ್ಲಿ ಹಾಕಬೇಡಿ, ಒಳ ಅಂಗಿಯ ಜೇಬಲ್ಲಿ ಮೈಶಾಖಕ್ಕೆ ಇರಲಿ. ಗ್ಲೂಕೋಮೀಟರೂ ಅಷ್ಟೇ, ತಣ್ಣಗಾದ್ರೆ ತಪ್ಪು ತೋರಿಸುತ್ತೆ ಇಲ್ಲಾ ತೋರಿಸೋದೇ ಇಲ್ಲ. ಶುಗರ್ ಇಳಿದಾಗಿನ ನಡುಕ ಚಳಿ ನಡುಕದ ಥರಾನೇ ಇರುತ್ತೆ, ಜೊತೆಗೆ ಮೆಟೊಪ್ರೊಲಾಲ್ ಇದ್ರೆ ಎದೆ ಢವಢವ ಅನ್ನೋ ಸೂಚನೆಯೂ ಮುಚ್ಚಿಹೋಗುತ್ತೆ. ಪಾದ ಜೋಮು ಹಿಡಿಯುತ್ತಾ? ಹಿಡಿದ್ರೆ ಬಾಡಿಗೆ ಬೂಟು ಕಚ್ಚಿದ್ದೂ ಗೊತ್ತಾಗಲ್ಲ, ಬೆರಳು ಹಿಮಕ್ಕೆ ಸತ್ತಿದ್ದೂ ಗೊತ್ತಾಗಲ್ಲ.

ಈಗ ಮುಖ್ಯ ಪ್ರಶ್ನೆ. ತೋಟದಲ್ಲಿ ಏರು ಹತ್ತುವಾಗ ಹೇಗಿರ್ತಾರೆ?

ಹಳೇಬೀಡು ಫ್ರೆಂಡ್ಸ್: ಡಯಾಮಾಕ್ಸ್ ಎಷ್ಟು ದಿನ ಮುಂಚೆ ಸರ್?

ಡಾಕ್ಟರ್: ಮೇಲೆ ಬರೆದಿದೀನಿ.

ಕಡೂರು ಎಕ್ಸ್‌ಪ್ರೆಸ್: ಗುಲ್ಮಾರ್ಗ್ ದುಬಾರಿ ರೀ. ಔಲಿಗೆ ಹೋಗಿ, ಉತ್ತರಾಖಂಡ, ಸಸ್ತಾ.

ಬೇಲೂರು ಬುಲೆಟ್: 2023ರ ಜನವರಿಯಲ್ಲಿ ಜೋಶಿಮಠದಲ್ಲಿ ನೆಲ ಬಿರುಕು ಬಿಟ್ಟಾಗ ಔಲಿ ರೋಪ್‌ವೇ ನಿಲ್ಲಿಸಿದ್ರು. ಮೊದಲು ಅದು ವಿಚಾರಿಸ್ಕೊಳ್ಳಿ.

ಕಡೂರು ಎಕ್ಸ್‌ಪ್ರೆಸ್: ರೋಡ್ ಇಲ್ವಾ? ರೋಪ್‌ವೇ ಇಲ್ದೆ ಜನ ಬದುಕಿಲ್ವಾ? ಎಲ್ಲಾ ಗೊತ್ತಿರೋರ ಥರ ಮಾತಾಡ್ಬೇಡಿ.

ಬೇಲೂರು ಬುಲೆಟ್: ಹೋಗಿ ಬಂದವನು ನಾನು. ನೀವು ರೀಲ್ಸ್ ನೋಡಿದೋರು.

ಮೂಡಿಗೆರೆ ತೋಟ: ಗುಲ್ಮಾರ್ಗೂ ಏನು ಕಮ್ಮಿ ಇಲ್ಲ. 2023ರ ಫೆಬ್ರವರಿ 1ಕ್ಕೆ ಅಫರ್ವಾಟ್‌ನಲ್ಲಿ ಹಿಮ ಕುಸಿದು ಪೋಲೆಂಡಿನ ಇಬ್ಬರು ಸ್ಕೀ ಮಾಡೋರು ಸತ್ರು.

ಡಾಕ್ಟರ್: ಅದಕ್ಕೇ ಕಲಿಯೋರು ಕೆಳಗಿನ ಹುಲ್ಲುಗಾವಲಿನ ಇಳಿಜಾರಿನಲ್ಲೇ ಇರಿ. ಮೊದಲ ಪಾಠಕ್ಕೆ ಗೊಂಡೋಲಾ ಹತ್ತೋದೇ ಬೇಕಿಲ್ಲ. ಹಗ್ಗದಾಚೆಯ ಹಿಮ ನಮ್ಮಂಥವರಿಗಲ್ಲ.

ತೋಟದ ಅಳಿಯ: ಚಳಿಗೆ ಒಂದೆರಡು ರಮ್ ಹಾಕಿದ್ರೆ ಸಾಕಲ್ವಾ ಡಾಕ್ಟ್ರೇ 😄

ಡಾಕ್ಟರ್: ಚರ್ಮ ಬೆಚ್ಚಗಾದ ಹಾಗೆ ಅನಿಸುತ್ತೆ, ಒಳಗಿನ ಶಾಖ ಹೊರಗೆ ಹೋಗುತ್ತೆ. ರೂಮಿಗೆ ಬಂದಮೇಲೆ ಏನಾದ್ರೂ ಮಾಡ್ಕೊಳ್ಳಿ, ಇಳಿಜಾರಿನಲ್ಲಿ ಬೇಡ.

ಮಲ್ನಾಡ್ ಆಂಟಿ: *ಹಿಮದಿಂದ ಬೆರಳು ಬಿಳಿಚಿದರೆ ಹಿಮದಿಂದಲೇ ಉಜ್ಜಿರಿ, ಬೆಂಕಿ ಕಾಯಿಸಿರಿ. ಸೈನಿಕರ ರಹಸ್ಯ.* ಒಳ್ಳೇದಕ್ಕೇ ಹಾಕ್ತಿರೋದು.

ಡಾಕ್ಟರ್: ಯಾವ ಸೈನಿಕನೂ ಹೀಗೆ ಹೇಳಿರಲ್ಲ. ಉಜ್ಜಿದ್ರೆ ಚರ್ಮ ಕಿತ್ತುಬರುತ್ತೆ. ಜೋಮು ಹಿಡಿದ ಬೆರಳಿಗೆ ಬಿಸಿ ತಿಳಿಯಲ್ಲ, ಬೆಂಕಿಗೆ ಹಿಡಿದ್ರೆ ಸುಟ್ಟುಹೋಗುತ್ತೆ. ಒಳಗೆ ಬಂದು ಮೈಶಾಖಕ್ಕಿಂತ ತುಸು ಬೆಚ್ಚಗಿನ ನೀರಲ್ಲಿ ಅದ್ದಿ, 37ರಿಂದ 39 ಡಿಗ್ರಿ. ಮತ್ತೆ ಹೆಪ್ಪುಗಟ್ಟೋ ಹಾಗಿದ್ರೆ ಅಲ್ಲೇ ಕರಗಿಸಬೇಡಿ, ಆಸ್ಪತ್ರೆಗೆ ಹೋಗಿ. ಇನ್ನೊಂದು ಫಾರ್ವರ್ಡ್ ಬಂದ್ರೆ ನಾನು ಎದ್ದು ಹೋಗ್ತೀನಿ.

ಮಲ್ನಾಡ್ ಆಂಟಿ: ಇಷ್ಟು ಸಿಡುಕು ಬೇಡ ಡಾಕ್ಟ್ರೇ. ನಮ್ಮತ್ತೆ ಕಾಲದಲ್ಲಿ ಡಾಕ್ಟ್ರೇ ಇರ್ಲಿಲ್ಲ, ಎಲ್ಲರೂ ಚೆನ್ನಾಗೇ ಇದ್ರು.

ತೋಟದ ಅಳಿಯ: ನಿಮ್ಮತ್ತೆ ಕಾಶ್ಮೀರಕ್ಕೆ ಹೋಗಿದ್ರಾ ಆಂಟಿ?

ಅಡ್ಮಿನ್: ದಯವಿಟ್ಟು ವಿಷಯಕ್ಕೆ ಬನ್ನಿ.

ಕೊಪ್ಪದ ಗೃಹಿಣಿ: ರೂಮಲ್ಲಿ ಇದ್ದಿಲ ಒಲೆ ಕೊಡ್ತಾರಂತೆ. ಮಗುವಿಗೆ ಚಳಿಯಾಗದ ಹಾಗೆ ಕಿಟಕಿ ಮುಚ್ಚಿ ಮಲಗಬಹುದಾ?

ಡಾಕ್ಟರ್: ಬೇಡ, ಬೇಡ. ಇದ್ದಿಲು ಉರಿದ್ರೆ ಕಾರ್ಬನ್ ಮೊನಾಕ್ಸೈಡ್ ಬರುತ್ತೆ. ವಾಸನೆ ಇಲ್ಲ, ಬಣ್ಣ ಇಲ್ಲ. ತಲೆನೋವು, ವಾಕರಿಕೆ ಬಂದಾಗ ಎತ್ತರಕ್ಕೇ ಹೀಗಾಗ್ತಿದೆ ಅಂದ್ಕೊಂಡು ಹೊದ್ದು ಮಲಗ್ತಾರೆ, ಏಳಲ್ಲ. ರೂಮಿನಲ್ಲಿದ್ದವರಿಗೆಲ್ಲ ಒಟ್ಟಿಗೇ ತಲೆನೋವು ಬಂದ್ರೆ ಬಾಗಿಲು ತೆಗೆದು ಹೊರಗೆ ಓಡಿ. ಮಲಗೋ ಕೋಣೆಯಲ್ಲಿ ಇದ್ದಿಲು ಬೇಡ, ಕರೆಂಟ್ ಹೀಟರ್ ಅಥವಾ ಹೊದಿಕೆ ಕೇಳಿ.

ಅರಸೀಕೆರೆ ತೆಂಗು: ಅಲ್ಲಿ ಮುದ್ದೆ ಸಿಗುತ್ತಾ?

ಕಡೂರು ಎಕ್ಸ್‌ಪ್ರೆಸ್: ನಮ್ಮ ಪ್ರಿಪೇಯ್ಡ್ ಸಿಮ್ ಜಮ್ಮು-ಕಾಶ್ಮೀರದಲ್ಲಿ ನಡೆಯಲ್ಲ, ಪೋಸ್ಟ್‌ಪೇಯ್ಡ್ ಮಾಡ್ಕೊಂಡು ಹೋಗಿ. ಇದನ್ನ ಯಾವ ಬುಲೆಟ್ಟೂ ಹೇಳಲ್ಲ.

ಸಕಲೇಶಪುರದ ಮಗಳು: ಸರ್, ಏರು ಹತ್ತುವಾಗ ಅಂತ ಕೇಳಿದ್ರಲ್ಲ. ಮೊದಲು ಚೆನ್ನಾಗೇ ಓಡಾಡ್ತಿದ್ರು. ಈಗ ಒಂದು ಹದಿನೈದು ದಿನದಿಂದ ಕೆರೆ ಕಡೆಯ ತೋಟದಿಂದ ಮೇಲೆ ಬರುವಾಗ ಪಂಪ್‌ಹೌಸ್ ಹತ್ರ ನಿಂತು ಎಡಭುಜ ಉಜ್ಜಿಕೊಳ್ತಾರೆ ಅಂತ ತೋಟದ ಲೆಕ್ಕ ಬರೆಯೋ ರೈಟರ್ ಹೇಳಿದ. ಕೇಳಿದ್ರೆ ಗ್ಯಾಸ್ ಅಂತಾರೆ. ಎರಡು ನಿಮಿಷ ನಿಂತ್ರೆ ಹೋಗುತ್ತಂತೆ.

ಡಾಕ್ಟರ್: ಇದನ್ನ ಮೊದಲೇ ಕೇಳಬೇಕಿತ್ತು ನಿಮ್ಮನೇಲಿ. ಅಟ್ಯಾಕ್ ಆಗಿ ಐದು ತಿಂಗಳಿಗೆ ಏರಿನಲ್ಲಿ ಶುರುವಾಗಿ ನಿಂತ್ರೆ ಹೋಗೋ ಭುಜದ ನೋವನ್ನ ನಾನು ಗ್ಯಾಸ್ ಅಂತ ಒಪ್ಪಲ್ಲ. ಗುಲ್ಮಾರ್ಗ್ ಮಾತು ಬಿಡಿ ಈಗ. ಸ್ಟೆಂಟ್ ಹಾಕಿದ ಕಾರ್ಡಿಯಾಲಜಿಸ್ಟಿಗೆ ಈಗಲೇ ಫೋನ್ ಮಾಡಿ, ಈ ಮಾತನ್ನೇ ಹೇಳಿ. ನೀವಾಗೇ ಎಲ್ಲೋ ಹೋಗಿ ಟ್ರೆಡ್‌ಮಿಲ್ ಹತ್ತಿಸಬೇಡಿ, ಯಾವ ಪರೀಕ್ಷೆ ಅಂತ ಅವರು ಹೇಳಲಿ. ಸುಮ್ಮನೆ ಕೂತಾಗ ನೋವು ಬಂದ್ರೆ, ನಿಂತಮೇಲೂ ಹೋಗದಿದ್ರೆ, ಬೆವರಿದ್ರೆ, 108. ಕಾರಲ್ಲಿ ಕೂರಿಸ್ಕೊಂಡು ಶಿರಾಡಿ ಘಾಟಿ ಇಳಿಯೋಕೆ ಹೋಗಬೇಡಿ.

ಸಕಲೇಶಪುರದ ಮಗಳು: ಸೋಮವಾರ ಹೇಗೂ ಚೆಕಪ್ ಇದೆ ಸರ್, ಅವತ್ತೇ ಕೇಳ್ಲಾ?

ಡಾಕ್ಟರ್: ಇವತ್ತು.

ಹಾಸನ ಮೇಷ್ಟ್ರು: ನಾನು ಮೊದಲೇ ಹೇಳಿದ್ದೆ, ಶಾಂತಿ ಮಾಡಿಸಿ ಎಂದು.

ಬೇಲೂರು ಬುಲೆಟ್: ಈಗ್ಲೂ ಅದೇನಾ ಮೇಷ್ಟ್ರೇ? ನಾಚಿಕೆ ಆಗ್ಬೇಕು.

ಹಾಸನ ಮೇಷ್ಟ್ರು: ಏಕವಚನಕ್ಕೆ ಇಳಿಯುವ ಮುಂಚೆ ನಿಲ್ಲಿಸಿ.

ಹಳೇಬೀಡು ಫ್ರೆಂಡ್ಸ್: ಮೇಲೆ ಅಂದ್ರೆ ಎಲ್ಲಿ ಸರ್? ಡಯಾಮಾಕ್ಸ್ ಸಿಗ್ತಿಲ್ಲ.

ಡಾಕ್ಟರ್: ಬೆರಳಲ್ಲಿ ಸ್ಕ್ರೋಲ್ ಮಾಡ್ರೀ.

ಕೊಪ್ಪದ ಗೃಹಿಣಿ: ಮಗುವಿಗೆ ಕಪ್ಪು ಕನ್ನಡಕ ಬೇಕಾ? ಮೂರು ವರ್ಷ.

ಡಾಕ್ಟರ್: ಬೇಕು, ಬದಿ ಮುಚ್ಚುವಂಥದ್ದು. ಹೊಸ ಹಿಮ ಯುವಿ ಕಿರಣದ 80 ಪರ್ಸೆಂಟ್‌ವರೆಗೂ ವಾಪಸ್ ಎಸೆಯುತ್ತೆ, ಮೋಡ ಇದ್ರೂ ಕಣ್ಣು ಸುಡುತ್ತೆ.

ಸಕಲೇಶಪುರದ ಮಗಳು: ಮಾತಾಡಿದೆ ಸರ್. ನಾಳೆ ಬೆಳಿಗ್ಗೆ ಬರೋಕೆ ಹೇಳಿದಾರೆ, ಅಲ್ಲೀವರೆಗೆ ಏರು ಹತ್ತಬಾರದಂತೆ. ಅಪ್ಪನಿಗೆ ಟ್ರಿಪ್ಪಿನ ವಿಷಯ ಹೇಳಲೇಬೇಕಾಯ್ತು. ಟಿಕೆಟ್ ದುಡ್ಡು ಹೋಯ್ತು ಅಂತ ಕೂಗಾಡ್ತಿದಾರೆ.

ಡಾಕ್ಟರ್: ಕೂಗಾಡೋದೂ ಬೇಡ ಅಂತ ಹೇಳಿ. ಡಿಸ್ಚಾರ್ಜ್ ಸಮ್ಮರಿ, ಹಳೇ ಇಸಿಜಿ, ಗುಳಿಗೆ ಚೀಟಿ ಎಲ್ಲಾ ಒಯ್ಯಿರಿ. ರೈಟರ್‌ನ್ನೂ ಕರ್ಕೊಂಡು ಹೋಗಿ, ಅಪ್ಪ ಅಲ್ಲಿ ಗ್ಯಾಸ್ ಅಂತಾನೇ ಹೇಳ್ತಾರೆ. ಹಿಮ ನೋಡೋದು ಕಾರ್ಡಿಯಾಲಜಿಸ್ಟ್ ಬಿಟ್ಟಮೇಲೆ ನೋಡೋಣ, ಬಿಟ್ರೂ ಎರಡನೇ ಹಂತಕ್ಕೆ ನಾನು ಹೂಂ ಅನ್ನಲ್ಲ.

ಮೂಡಿಗೆರೆ ತೋಟ: ಯಾವ ರೈಟರ್ ಅಮ್ಮ? ಒಳ್ಳೆಯವನು ಇದ್ದಾನೆ. ನಮ್ಮಲ್ಲಿ ಜನನೇ ಸಿಗ್ತಿಲ್ಲ.

ತೋಟದ ಅಳಿಯ: ಇನ್ಶೂರೆನ್ಸ್ ಸ್ಕೀಗೆ ಬರುತ್ತಾ ಸರ್?

ಕಡೂರು ಎಕ್ಸ್‌ಪ್ರೆಸ್: ಪಾಲಿಸಿ ಓದ್ಕೊಳ್ಳಿ, ಸಾಹಸ ಕ್ರೀಡೆ ಬಿಟ್ಟು ಅಂತ ಎಷ್ಟೋ ಪಾಲಿಸಿಯಲ್ಲಿ ಇರುತ್ತೆ. ಡಾಕ್ಟ್ರನ್ನ ಯಾಕೆ ಕೇಳ್ತೀರಿ ಇದೆಲ್ಲ?

ಅರಸೀಕೆರೆ ತೆಂಗು: ಮುದ್ದೆ ವಿಷಯ ಯಾರೂ ಹೇಳ್ಲಿಲ್ಲ.

ಅಡ್ಮಿನ್: ಡಾಕ್ಟರ್ ಕ್ಲಿನಿಕ್ಕಿಗೆ ಹೋದರು. ಅಡ್ಮಿನ್‌ಗಳು ಮಾತ್ರ ಬರೆಯುವ ಹಾಗೆ ಮಾಡುತ್ತಿದ್ದೇನೆ.