ಕೆಐ-67 ಎಪ್ಪತ್ತು ಅಂದ್ರೆ ಏನು? ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಸಂಜೆ 7ರಿಂದ 8ರವರೆಗೆ ಬಾಯಿ ಕ್ಯಾನ್ಸರ್ ಸರ್ಜನ್ ಗುಂಪಿನಲ್ಲಿ ಇರುತ್ತಾರೆ. ಒಬ್ಬರಿಗೆ ಒಂದು ಪ್ರಶ್ನೆ. ಫಾರ್ವರ್ಡ್ ಬೇಡ.

ತುಮಕೂರು ಮಗಳು: ನಮಸ್ತೆ ಡಾಕ್ಟ್ರೇ. ಅಪ್ಪನಿಗೆ 58. ಮೂವತ್ತು ವರ್ಷ ಎಲೆ ಅಡಿಕೆ, ಹೊಗೆಸೊಪ್ಪು. ಎಡಗೆನ್ನೆಯ ಗಡ್ಡೆ ತೆಗೆದು ಐದು ವಾರ ಆಯ್ತು. ರಿಪೋರ್ಟಿನಲ್ಲಿ ಗಡ್ಡೆ 2.2 ಸೆಂ.ಮೀ., ಆಳ 11 ಮಿ.ಮೀ., ಕತ್ತಿನ 24 ಗಂಟುಗಳಲ್ಲಿ ಒಂದು ಸಣ್ಣದರಲ್ಲಿ ಕ್ಯಾನ್ಸರ್. ಗಂಟಿನಿಂದ ಹೊರಗೆ ಹರಡಿಲ್ಲ. ಪಿ16 ನೆಗೆಟಿವ್. ಕೆಐ-67 70%. ಇದನ್ನು ನೋಡಿ ಅಮ್ಮ ಊಟ ಬಿಟ್ಟಿದ್ದಾರೆ. ಬೇರೆ ಲ್ಯಾಬಿಗೆ ಇನ್ನಷ್ಟು ಪ್ರೋಟೀನ್ ಪರೀಕ್ಷೆಗೆ ಕಳಿಸಿದ್ದೇವೆ. ಅದು ಬಂದಮೇಲೆ ರೇಡಿಯೇಷನ್ ಅಂತ ಚಿಕ್ಕಪ್ಪ ಹೇಳ್ತಾರೆ. ಎಷ್ಟು ದಿನ ಕಾಯಬಹುದು?

ಡಾಕ್ಟರ್: ಕಾಯಲೇಬೇಡಮ್ಮ. ಕೆಐ-67 ಅನ್ನೋದು ಜೀವಕೋಶ ಒಂದು ಎರಡಾಗುವ ಹೊತ್ತಿನಲ್ಲಿ ಕಾಣುವ ಪ್ರೋಟೀನ್. ಎಣಿಸಿದ ನೂರು ಕೋಶಗಳಲ್ಲಿ ಎಪ್ಪತ್ತು ಬಣ್ಣ ಹಿಡಿದಿವೆ, ಅಷ್ಟೇ. ಅಪ್ಪ ಉಳಿಯೋದು ನೂರಕ್ಕೆ ಮೂವತ್ತು ಅಂತ ಅಲ್ಲ. ಅಮ್ಮನಿಗೆ ಇದನ್ನು ಮೊದಲು ಹೇಳಿ. ಒಂದೇ ಗಡ್ಡೆಯ ಈ ಮೂಲೆಯಲ್ಲಿ ಜಾಸ್ತಿ, ಆ ಮೂಲೆಯಲ್ಲಿ ಕಡಿಮೆ ಇರುತ್ತದೆ. ಬಾಯಿ ಕ್ಯಾನ್ಸರಿನಲ್ಲಿ ಈ ಅಂಕಿ ನೋಡಿ ನಾವು ಚಿಕಿತ್ಸೆ ಬದಲಿಸುವುದಿಲ್ಲ. ಪಿ16 ಕೂಡ ಟಾನ್ಸಿಲ್, ನಾಲಿಗೆಯ ಬುಡದ ಕ್ಯಾನ್ಸರಿಗೆ ಮುಖ್ಯ, ಎಚ್‌ಪಿವಿ ವೈರಸ್ಸಿನ ಗುರುತು ಅಂತ. ಕೆನ್ನೆಗೆ ಅದನ್ನು ನೋಡಿ ಹೆದರಬೇಕಿಲ್ಲ.

ನನಗೆ ಗಾಬರಿ ಆಗಿದ್ದು ಆ 11 ಮಿ.ಮೀ. ಆಳಕ್ಕೆ, ಆ ಐದು ವಾರಕ್ಕೆ. 2018ರಿಂದ ಹಂತ ಹೇಳುವಾಗ ಆಳವನ್ನೂ ಲೆಕ್ಕ ಹಾಕುತ್ತೇವೆ. ಟಿ ಅಂದ್ರೆ ಗಡ್ಡೆಯ ದರ್ಜೆ. ಹಳೇ ಲೆಕ್ಕದಲ್ಲಿ ಇದು ಟಿ2. ಈಗ 10 ಮಿ.ಮೀ. ದಾಟಿದ್ದಕ್ಕೆ ಟಿ3. ಜೊತೆಗೆ ಗಂಟು. ಅಲ್ಲಿಗೆ ಮೂರನೇ ಹಂತ. ಆಪರೇಷನ್ ಆದ ಆರು ವಾರದೊಳಗೆ ರೇಡಿಯೇಷನ್ ಶುರು ಆಗಬೇಕು. ಅದಕ್ಕೂ ಮೊದಲು ಹಲ್ಲು ತೋರಿಸಬೇಕು, ತಲೆ ಅಲುಗಾಡದಂತೆ ಹಿಡಿಯೋಕೆ ಮುಖಕ್ಕೆ ಮಾಸ್ಕ್ ಮಾಡಿಸಬೇಕು, ಸ್ಕ್ಯಾನ್ ಆಗಬೇಕು. ರಿಪೋರ್ಟಿನಲ್ಲಿ ಮಾರ್ಜಿನ್ ಅಂತ ಒಂದು ಸಾಲು ಇರುತ್ತದೆ, ಗಡ್ಡೆಯ ಸುತ್ತ ಎಷ್ಟು ಒಳ್ಳೆ ಭಾಗ ಸೇರಿಸಿ ತೆಗೆದಿದ್ದಾರೆ ಅಂತ. ಅದನ್ನು ಇಲ್ಲಿ ಹಾಕಿ.

ಬೆಳಗಾವಿ ಪಾಟೀಲ: ರಕ್ತ ಪರೀಕ್ಷೆಯಲ್ಲಿ ಬಾಯಿ ಕ್ಯಾನ್ಸರ್ ಗೊತ್ತಾಗುತ್ತಾ ಸರ್?

ಡಾಕ್ಟರ್: ಇಲ್ಲ. ಬಯಾಪ್ಸಿ, ಅಂದ್ರೆ ಹುಣ್ಣಿನ ಚೂರು ತೆಗೆದು ನೋಡಬೇಕು.

ಬಿಸಿಬೇಳೆ: ಎಂಜಲು ಪರೀಕ್ಷೆ ಬಂದಿದೆಯಂತೆ?

ಡಾಕ್ಟರ್: ಎಂಜಲಿನಲ್ಲಿ ಐಎಲ್-8 ತರಹದ ಪ್ರೋಟೀನ್ ಹುಡುಕುವ ಸಂಶೋಧನೆ ನಡೆದಿದೆ. ವಸಡು ಊದಿಕೊಂಡರೂ ಅದು ಏರುತ್ತದೆ. ಬಯಾಪ್ಸಿ ತಪ್ಪಿಸೋಕೆ ಆಗಲ್ಲ.

ಧಾರವಾಡದ ತಮ್ಮ: ನಮ್ಮಣ್ಣಗ ಮತ್ತ ಬಂದದ್ರಿ. ಆಪರೇಷನ್ ಆಗೂದಿಲ್ಲ ಅಂದಾರ. ಪಿಡಿ-ಎಲ್1 ಮಾಡಿಸ್ರಿ ಅಂತಾರ. ಅದೂ ವೇಸ್ಟ್ ಏನ್ರೀ?

ಡಾಕ್ಟರ್: ಅಲ್ಲ, ಮಾಡಿಸಿ. ಅದು ಗಡ್ಡೆಯಲ್ಲಿ ಹುಡುಕುವ ಒಂದು ಪ್ರೋಟೀನ್. ಇಮ್ಯುನೋಥೆರಪಿ, ಅಂದ್ರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ಬಿಡುವ ಚಿಕಿತ್ಸೆ, ಎಷ್ಟರ ಮಟ್ಟಿಗೆ ಕೈಹಿಡಿಯಬಹುದು ಅಂತ ನೋಡೋಕೆ ಅದು ಬೇಕು.

ಶುಭೋದಯ: ಲಕ್ಷ್ಮಣಫಲದ ಎಲೆ ಕಷಾಯ, ಖಾಲಿ ಹೊಟ್ಟೆಗೆ, 21 ದಿನ. ಕೀಮೋಗಿಂತ ಹತ್ತು ಸಾವಿರ ಪಟ್ಟು ಬಲ. ಎಲ್ಲರಿಗೂ ಕಳಿಸಿ.

ಡಾಕ್ಟರ್: ದಯವಿಟ್ಟು ಅಳಿಸಿ. ಇಂಥ 21 ದಿನ ಮುಗಿಸಿಕೊಂಡು ಬರುವವರನ್ನು ನಾನು ಒಪಿಡಿಯಲ್ಲಿ ನೋಡುತ್ತೇನೆ. ಉಗುರಿನಷ್ಟಿದ್ದ ಹುಣ್ಣು ಕೆನ್ನೆ ತೂತು ಮಾಡಿರುತ್ತದೆ.

ತೀರ್ಥಹಳ್ಳಿ ತೋಟ: ಹೊಗೆಸೊಪ್ಪು ತಪ್ಪು, ಸರಿ. ಅಡಿಕೆಗೆ ಯಾಕೆ ಕೆಟ್ಟ ಹೆಸರು? ನಮ್ಮಜ್ಜ ಕೊನೆವರೆಗೂ ಕವಳ ಹಾಕಿದ್ರು.

ಬಿಸಿಬೇಳೆ: ಹೊಗೆಸೊಪ್ಪು ಇಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಐಎಆರ್‌ಸಿ 2004ರಲ್ಲೇ ಹೇಳಿದೆ.

ತೀರ್ಥಹಳ್ಳಿ ತೋಟ: ಅವರು ಬಂದು ನಮ್ಮ ಸಾಲ ತೀರಿಸ್ತಾರಾ?

ಬಿಸಿಬೇಳೆ: ನಿಮ್ಮ ಸಾಲಕ್ಕೆ ಆ ತುಮಕೂರಿನವರ ಅಪ್ಪನ ಕೆನ್ನೆ ಹೋಗಬೇಕಾ?

ತೀರ್ಥಹಳ್ಳಿ ತೋಟ: ಮಾತು ಸರಿಯಾಗಿ ಆಡಿ ಮೇಡಂ.

ಶುಭೋದಯ: ಡಾಕ್ಟರಿಗೆ ಕಂಪನಿ ಕಮಿಷನ್ ಇರುತ್ತೆ, ಅದಕ್ಕೇ ಉರಿ.

ಡಾಕ್ಟರ್: ಇವರನ್ನು ತೆಗೆಯಿರಿ, ಇಲ್ಲ ನಾನೇ ಹೊರಡುತ್ತೇನೆ.

ರಾಯಚೂರು: ಮಗನಿಗೆ 23, ಗುಟ್ಕಾ ಚಟ. ಬಾಯಿ ಎರಡು ಬೆರಳಷ್ಟೂ ತೆರೆಯೋದಿಲ್ಲ. ಖಾರ ತಿಂದರೆ ಉರಿ. ಇದು ಕ್ಯಾನ್ಸರಾ?

ಬೆಳಗಾವಿ ಪಾಟೀಲ: ಸರ್, ಸಕ್ಕರೆ ಟೆಸ್ಟ್ ಜೊತೆ ರಕ್ತದಲ್ಲೇ ನೋಡೋಕೆ ಆಗಲ್ವಾ?

ಡಾಕ್ಟರ್: ಮೇಲೆ ಓದಿ.

ತುಮಕೂರು ಮಗಳು: ಸಿಕ್ತು ಡಾಕ್ಟ್ರೇ. ಮಾರ್ಜಿನ್ 3 ಮಿ.ಮೀ.

ಡಾಕ್ಟರ್: 5ಕ್ಕಿಂತ ಕಡಿಮೆ, ಅಂಚಿಗೆ ಹತ್ತಿರ. ನಾಳೆ ಬೆಳಿಗ್ಗೆಯೇ ಅಪ್ಪನನ್ನು ರೇಡಿಯೇಷನ್ ವಿಭಾಗಕ್ಕೆ ಕರೆದುಕೊಂಡು ಹೋಗಿ. ಪೂರ್ತಿ ಫೈಲ್ ಒಯ್ಯಿರಿ. ಆ ಪ್ರೋಟೀನ್ ರಿಪೋರ್ಟ್ ಬಂದಾಗ ಬರಲಿ. ಚಿಕ್ಕಪ್ಪನಿಗೆ ಈ ಮೆಸೇಜ್ ತೋರಿಸಿ.

ತುಮಕೂರು ಮಗಳು: ಆಯ್ತು. ಈಗಲೇ ಫೋನ್ ಮಾಡ್ತೀನಿ.

ರಾಯಚೂರು: ಸರ್, ನನ್ನ ಮಗಂದು?

ಅಡ್ಮಿನ್: 8.20 ಆಯ್ತು. ಡಾಕ್ಟರ್ ಹೊರಟರು. ಅಡಿಕೆ ಜಗಳ ಪರ್ಸನಲ್‌ನಲ್ಲಿ ಆಡಿಕೊಳ್ಳಿ.